ಎಡಿಸಿ ತಲುಪುವ ಮೊದಲೇ ಸಿಗ್ನಲ್‌ನ ಹಣೆಬರಹ ಬರೆದಾಗಿರುತ್ತದೆ

ವಿದ್ಯುತ್ ಸಿಗ್ನಲ್ ಅನ್ನು ಅಂಕಿಗಳಾಗಿ ಬದಲಿಸಿ ದಾಖಲಿಸುವ ಉಪಕರಣ ಡಿಜಿಟೈಸರ್. ಅದನ್ನು ಆರಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಎರಡು ಅಂಕಿಗಳ ಮೇಲೆ. ಎಷ್ಟು ಬಿಟ್ (ಅಳತೆಯ ಹಂತಗಳು ಎಷ್ಟು ನಯ), ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಎಷ್ಟು ಸಲ ಅಳೆಯುತ್ತದೆ). 14 ಬಿಟ್, 500 ಮೆಗಾಸ್ಯಾಂಪಲ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಸಾಕು, ಮುಂದಿನ ಪುಟ ತಿರುಗಿಸುವವರು ಕಡಿಮೆ. ಆದರೆ ಆ ಎರಡೂ ಅಂಕಿ ಹೇಳುವುದು ದಾರಿಯ ಕೊನೆಯಲ್ಲಿ ಕೂತಿರುವ ಎಡಿಸಿ (ಅನಲಾಗ್ ಟು ಡಿಜಿಟಲ್ ಕನ್ವರ್ಟರ್), ಅಂದರೆ ವೋಲ್ಟೇಜ್ ಅನ್ನು ಅಂಕಿಯಾಗಿ ಬದಲಿಸುವ ಚಿಪ್‌ನ ಬಗ್ಗೆ ಮಾತ್ರ. ಸಿಗ್ನಲ್ ಅಲ್ಲಿಗೆ ಬಂದು ಸೇರುವ ಮೊದಲು ಕನೆಕ್ಟರ್, ಟರ್ಮಿನೇಷನ್ (ಕೇಬಲ್‌ನ ತುದಿಗೆ ಸೇರುವ ರೆಸಿಸ್ಟರ್), ಅಟೆನ್ಯುಯೇಟರ್, ಆಂಪ್ಲಿಫೈಯರ್, ಫಿಲ್ಟರ್ ಎಲ್ಲವನ್ನೂ ದಾಟಬೇಕು. ಅಲ್ಲಿ ಕೆಟ್ಟದ್ದರಲ್ಲಿ ಹೆಚ್ಚಿನದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡಲಾರದು. ಅಳತೆ ಕೆಲಸದಲ್ಲಿ ಇರುವವರು ಈ ಮುಂಭಾಗಕ್ಕೆ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ ಅನ್ನುವುದು ನನ್ನ ಬಲವಾದ ಅನಿಸಿಕೆ. ಅದಕ್ಕೇ ಈ ಉದ್ದದ ಬರಹ.

ಕೇಬಲ್ ಬಂದು ಸೇರುವ ಜಾಗದಿಂದಲೇ ಶುರು ಮಾಡೋಣ. ಬಹಳಷ್ಟು ಡಿಜಿಟೈಸರ್‌ಗಳಲ್ಲಿ ಇನ್‌ಪುಟ್‌ಗೆ ಎರಡು ಆಯ್ಕೆ ಇರುತ್ತವೆ, 50 ಓಮ್ ಮತ್ತು 1 ಮೆಗಾಓಮ್. ಇನ್‌ಪುಟ್ ರೆಸಿಸ್ಟೆನ್ಸ್ ಜಾಸ್ತಿ ಇದ್ದಷ್ಟೂ ಸರ್ಕ್ಯೂಟಿಗೆ ತೊಂದರೆ ಕಡಿಮೆ ಅಂತ ಓದಿರುತ್ತೇವೆ, ಹಾಗಾಗಿ 1 ಮೆಗಾಓಮ್ ಸುರಕ್ಷಿತ ಆಯ್ಕೆ ಅಂತ ಕಾಣುತ್ತದೆ. ನಿಧಾನದ ಸಿಗ್ನಲ್‌ಗೆ ಅದು ನಿಜವೇ. ವೇಗದ ಸಿಗ್ನಲ್‌ಗೆ ಲೆಕ್ಕ ಬೇರೆ. ಆ 1 ಮೆಗಾಓಮ್ ಜೊತೆಗೆ ಸಮಾನಾಂತರವಾಗಿ ಒಂದಷ್ಟು ಕೆಪಾಸಿಟೆನ್ಸ್ ಇದ್ದೇ ಇರುತ್ತದೆ, 15 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಫ್ರೀಕ್ವೆನ್ಸಿ ಏರಿದಂತೆ ಅದರ ತಡೆ ಇಳಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ 15 ಪಿಕೋಫ್ಯಾರಡ್ ಅಂದರೆ ಸುಮಾರು 106 ಓಮ್. ಹತ್ತು ಲಕ್ಷ ಓಮ್ ಅಂತ ನಂಬಿಕೊಂಡ ಇನ್‌ಪುಟ್ ಆ ಫ್ರೀಕ್ವೆನ್ಸಿಯಲ್ಲಿ ನೂರರ ಆಸುಪಾಸಿಗೆ ಇಳಿದಿರುತ್ತದೆ.

ಇನ್ನೊಂದು ವಿಷಯ ಪ್ರತಿಫಲನ. ಕೋಆಕ್ಸ್ ಕೇಬಲ್‌ನಲ್ಲಿ ಸಿಗ್ನಲ್ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 5 ನ್ಯಾನೋಸೆಕೆಂಡ್ ಬೇಕು. ಸಿಗ್ನಲ್‌ನ ಅಂಚು ಅದಕ್ಕಿಂತ ವೇಗವಾಗಿ ಏರುತ್ತಿದ್ದರೆ ಕೇಬಲ್ ಬರೀ ತಂತಿಯಾಗಿ ಉಳಿಯುವುದಿಲ್ಲ, ಅಲೆ ಸಾಗುವ ಹಾದಿಯಾಗುತ್ತದೆ. 50 ಓಮ್ ಕೇಬಲ್‌ನ ತುದಿಯಲ್ಲಿ 50 ಓಮ್ ಸಿಕ್ಕರೆ ಅಲೆ ಅಲ್ಲೇ ಕರಗುತ್ತದೆ. 1 ಮೆಗಾಓಮ್ ಸಿಕ್ಕರೆ ಬಂದ ಅಲೆ ಪೂರ್ತಿ ವಾಪಸ್ ಹೊರಡುತ್ತದೆ, ತುದಿಯಲ್ಲಿ ವೋಲ್ಟೇಜ್ ಬಂದದ್ದರ ಎರಡರಷ್ಟಾಗುತ್ತದೆ, ಸಿಗ್ನಲ್ ಹುಟ್ಟಿದ ಕಡೆಯೂ ಮ್ಯಾಚ್ ಆಗಿಲ್ಲದಿದ್ದರೆ ಆ ಅಲೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಪಲ್ಸ್‌ನ ಬೆನ್ನಿಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿಕೊಳ್ಳುತ್ತದೆ. ಡಿಜಿಟೈಸರ್ ಈ ಮೆಟ್ಟಿಲುಗಳನ್ನು 14 ಬಿಟ್ ನಿಖರತೆಯಲ್ಲಿ ದಾಖಲಿಸಿ ಕೊಡುತ್ತದೆ. ನಿಮ್ಮ ಸೆನ್ಸರ್ ಹಾಗೆ ವರ್ತಿಸಿತೋ ಕೇಬಲ್ ವರ್ತಿಸಿತೋ ಅಂತ ಡೇಟಾ ನೋಡಿ ಹೇಳುವುದು ತುಂಬಾ ಕಷ್ಟ.

50 ಓಮ್‌ಗೂ ಅದರದ್ದೇ ಮಿತಿ ಇದೆ. 5 ವೋಲ್ಟ್ ಆರ್‌ಎಂಎಸ್ (ಅದೇ ಪವರ್ ಕೊಡುವ ಡಿಸಿಗೆ ಸಮನಾದ ಬೆಲೆ) ಕೊಟ್ಟರೆ ಆ ಚಿಕ್ಕ ರೆಸಿಸ್ಟರ್ ಅರ್ಧ ವ್ಯಾಟ್ ತಡೆದುಕೊಳ್ಳಬೇಕು. ಮ್ಯಾನ್ಯುಯಲ್‌ನಲ್ಲಿ ಗರಿಷ್ಠ ಇನ್‌ಪುಟ್ ಅಂತ ಇರುವ ಸಾಲನ್ನು ಓದದೆ ಕೇಬಲ್ ಚುಚ್ಚಬೇಡಿ, ಅದರಲ್ಲೂ 50 ಓಮ್ ಆಯ್ಕೆ ಹಾಕಿದಾಗ. ಮತ್ತೆ, 50 ಓಮ್ ಮೂಲವನ್ನು 50 ಓಮ್ ಇನ್‌ಪುಟ್‌ಗೆ ಸೇರಿಸಿದರೆ ತೆರೆದ ಸರ್ಕ್ಯೂಟ್ ವೋಲ್ಟೇಜ್‌ನ ಅರ್ಧ ಮಾತ್ರ ಕಾಣುತ್ತದೆ. ಅದು ದೋಷವಲ್ಲ, ಇರಬೇಕಾದ್ದೇ ಹಾಗೆ.

ಕನೆಕ್ಟರ್ ದಾಟಿದ ಮೇಲೆ ಎಸಿ ಕಪ್ಲಿಂಗೋ ಡಿಸಿ ಕಪ್ಲಿಂಗೋ ಅನ್ನುವ ಪ್ರಶ್ನೆ. ಎಸಿ ಕಪ್ಲಿಂಗ್ ಅಂದರೆ ದಾರಿಗೆ ಅಡ್ಡವಾಗಿ ಒಂದು ಕೆಪಾಸಿಟರ್, ಅದು ಡಿಸಿಯನ್ನು ತಡೆದು ಬದಲಾಗುವ ಭಾಗವನ್ನು ಮಾತ್ರ ಬಿಡುತ್ತದೆ. ದೊಡ್ಡ ಡಿಸಿ ಮೇಲೆ ಕೂತ ಸಣ್ಣ ಅಲುಗಾಟ ನೋಡಲು ಇದು ಒಳ್ಳೆಯದು. ಆದರೆ ಒಂದೇ ದಿಕ್ಕಿನ ಪಲ್ಸ್‌ಗಳನ್ನು ಅಳೆಯುವವರು ಹುಷಾರಾಗಿರಬೇಕು. 1 ವೋಲ್ಟ್ ಎತ್ತರದ ಪಲ್ಸ್ ಹತ್ತರಲ್ಲಿ ಒಂದು ಭಾಗದ ಕಾಲ ಮಾತ್ರ ಮೇಲಿದ್ದರೆ ಅದರ ಸರಾಸರಿ 0.1 ವೋಲ್ಟ್. ಕೆಪಾಸಿಟರ್ ಆ ಸರಾಸರಿಯನ್ನು ಕಿತ್ತುಹಾಕುತ್ತದೆ, ಆಗ ತಳದ ಗೆರೆ ಸೊನ್ನೆಯಿಂದ 0.1 ವೋಲ್ಟ್ ಕೆಳಗೆ ಇಳಿಯುತ್ತದೆ. ಪಲ್ಸ್‌ಗಳು ದಟ್ಟವಾಗಿ ಅರ್ಧ ಕಾಲ ಮೇಲಿರಲು ಶುರುವಾದರೆ ತಳ 0.5 ವೋಲ್ಟ್ ಕೆಳಗೆ. ಪಲ್ಸ್‌ನ ಎತ್ತರ ಒಂದು ಚೂರೂ ಬದಲಾಗಿಲ್ಲ, ಆದರೆ ಸೊನ್ನೆಯಿಂದ ಎತ್ತರ ಓದುವ ನಿಮ್ಮ ಪ್ರೋಗ್ರಾಂ 0.9 ಇದ್ದದ್ದು 0.5 ಆಯಿತು ಅನ್ನುತ್ತದೆ. ಇಂಥ ಕೆಲಸಕ್ಕೆ ಡಿಸಿ ಕಪ್ಲಿಂಗ್ ಇಟ್ಟು, ಬೇಡವಾದ ಡಿಸಿಯನ್ನು ಆಫ್‌ಸೆಟ್ ಹೊಂದಾಣಿಕೆಯಿಂದ ಕಳೆಯುವುದೇ ಸರಿಯಾದ ದಾರಿ.

ಇನ್ನು ರೇಂಜ್. ಅಟೆನ್ಯುಯೇಟರ್ ದೊಡ್ಡ ಸಿಗ್ನಲ್ ಅನ್ನು ತಗ್ಗಿಸುತ್ತದೆ, ಆಂಪ್ಲಿಫೈಯರ್ ಸಣ್ಣದನ್ನು ಹಿಗ್ಗಿಸುತ್ತದೆ. ಎರಡರ ಉದ್ದೇಶವೂ ಒಂದೇ, ಎಡಿಸಿ ಅಳೆಯಬಲ್ಲ ಜಾಗವನ್ನು ಸಿಗ್ನಲ್ ಆದಷ್ಟು ತುಂಬಬೇಕು. ಪ್ಲಸ್ ಮೈನಸ್ 5 ವೋಲ್ಟ್ ರೇಂಜ್‌ನಲ್ಲಿ 8 ಬಿಟ್ ಎಡಿಸಿಯ ಒಂದು ಹಂತ 39 ಮಿಲಿವೋಲ್ಟ್. ಅಲ್ಲಿಗೆ 100 ಮಿಲಿವೋಲ್ಟ್‌ನ ಸಿಗ್ನಲ್ ತಂದರೆ ಅದಕ್ಕೆ ಸಿಗುವುದು ಎರಡು ಮೂರು ಹಂತ. ಲಾರಿ ತೂಗುವ ಯಂತ್ರದ ಮೇಲೆ ಉಂಗುರ ಇಟ್ಟ ಹಾಗೆ. 14 ಬಿಟ್ ಆದರೆ 164 ಹಂತ ಸಿಗುತ್ತವೆ, ಆದರೂ ಬಳಕೆಯಾದದ್ದು ಏಳೂವರೆ ಬಿಟ್‌ಗಿಂತ ಕಡಿಮೆ. ಉಳಿದ ಬಿಟ್‌ಗಳಿಗೆ ಕೊಟ್ಟ ಹಣ ಸುಮ್ನೆ ಹೋಯಿತು, ಅಲ್ವಾ?

ಹಾಗಂತ ರೇಂಜ್ ಚಿಕ್ಕದು ಮಾಡುತ್ತಾ ಹೋದರೆ ನಿಖರತೆ ಹೆಚ್ಚುತ್ತಲೇ ಇರುವುದಿಲ್ಲ. ಪ್ಲಸ್ ಮೈನಸ್ 100 ಮಿಲಿವೋಲ್ಟ್‌ನಲ್ಲಿ 14 ಬಿಟ್‌ನ ಒಂದು ಹಂತ 12 ಮೈಕ್ರೋವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಇರುವ ಬರೀ ಒಂದು 50 ಓಮ್ ರೆಸಿಸ್ಟರ್ 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ (ಒಳಗೆ ಬಿಡುವ ಫ್ರೀಕ್ವೆನ್ಸಿಗಳ ಅಗಲದಲ್ಲಿ) ಸುಮಾರು 9 ಮೈಕ್ರೋವೋಲ್ಟ್ ನಾಯ್ಸ್ ಹುಟ್ಟಿಸುತ್ತದೆ. ಯಾರೂ ತಪ್ಪಿಸಲಾಗದ ನಾಯ್ಸ್ ಅದು, ಉಷ್ಣತೆಯಿಂದ ಎಲೆಕ್ಟ್ರಾನ್‌ಗಳು ಅಲ್ಲಾಡುವುದರಿಂದ ಬರುವಂಥದ್ದು. ಅದರ ಮೇಲೆ ಆಂಪ್ಲಿಫೈಯರ್ ತನ್ನ ಪಾಲು ಸೇರಿಸುತ್ತದೆ. ಅಂದರೆ ಈ ರೇಂಜ್‌ನಲ್ಲಿ ಕೊನೆಯ ಬಿಟ್‌ಗಳು ತೋರಿಸುವುದು ನಾಯ್ಸ್ ಅನ್ನೇ. ಡೇಟಾಶೀಟ್‌ನಲ್ಲಿ ಪ್ರತಿ ರೇಂಜ್‌ಗೂ ನಾಯ್ಸ್ ಎಷ್ಟು ಅಂತ ಬೇರೆ ಬೇರೆಯಾಗಿ ಕೊಟ್ಟಿದ್ದರೆ ಆ ತಯಾರಕರ ಮೇಲೆ ನನಗೆ ಗೌರವ ಬರುತ್ತದೆ. ಒಂದೇ ಒಂದು ರೇಂಜ್‌ನ ಅಂಕಿ ಕೊಟ್ಟು ಸುಮ್ಮನಾಗಿದ್ದರೆ ಉಳಿದವುಗಳ ಬಗ್ಗೆ ಕೇಳಲೇಬೇಕು.

ರೇಂಜ್ ಮೀರಿದರೆ ಸಿಗ್ನಲ್‌ನ ತಲೆ ಕತ್ತರಿಸಿಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಕತ್ತರಿಸಿದ ನಂತರದ ಕ್ಷಣಗಳೂ ನಂಬಿಕೆಗೆ ಅರ್ಹವಲ್ಲ ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಮಿತಿ ದಾಟಿ ಉಸಿರುಗಟ್ಟಿದ ಆಂಪ್ಲಿಫೈಯರ್ ಸುಧಾರಿಸಿಕೊಳ್ಳಲು ಸಮಯ ಬೇಕು. ದೊಡ್ಡ ಪಲ್ಸ್ ಹಿಂದೆಯೇ ಬರುವ ಸಣ್ಣ ಪ್ರತಿಧ್ವನಿಯನ್ನು ಹುಡುಕುವ ಅಲ್ಟ್ರಾಸೌಂಡ್, ರೇಡಾರ್‌ನಂಥ ಕೆಲಸಗಳಲ್ಲಿ ನೋಡಬೇಕಾದ ಸಂಗತಿ ಇರುವುದು ಸರಿಯಾಗಿ ಆ ಜಾಗದಲ್ಲೇ.

ಈಗ ಫಿಲ್ಟರ್. ನನ್ನ ಪ್ರಕಾರ ಇಡೀ ದಾರಿಯಲ್ಲಿ ಅತ್ಯಂತ ಮುಖ್ಯವಾದದ್ದು ಇದು.

ಸಿಗ್ನಲ್‌ನಲ್ಲಿರುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡರಷ್ಟಕ್ಕಿಂತ ಹೆಚ್ಚು ವೇಗದಲ್ಲಿ ಸ್ಯಾಂಪಲ್ ಮಾಡಬೇಕು ಅನ್ನುವ ನಿಯಮ ಎಲ್ಲರೂ ಕೇಳಿರುತ್ತಾರೆ. 1928ರಲ್ಲಿ ನೈಕ್ವಿಸ್ಟ್ ಟೆಲಿಗ್ರಾಫ್ ಸಿಗ್ನಲ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಬೇರು ಇದೆ. 1933ರಲ್ಲಿ ರಷ್ಯಾದ ಕೊಟೆಲ್ನಿಕೋವ್ ಇದನ್ನು ಸ್ವತಂತ್ರವಾಗಿ ಹೇಳಿದರು, 1949ರಲ್ಲಿ ಶಾನನ್ ಸ್ಪಷ್ಟವಾದ ಪ್ರಮೇಯವಾಗಿ ಕೊಟ್ಟರು. ಇಲ್ಲಿ ಜನ ಜಾರುವುದು ಒಂದು ಕಡೆ. ನನ್ನ ಸಿಗ್ನಲ್ 40 ಮೆಗಾಹರ್ಟ್ಸ್ ಒಳಗಿದೆ, 100 ಮೆಗಾಸ್ಯಾಂಪಲ್ ಧಾರಾಳವಾಯಿತು ಅಂದುಕೊಳ್ಳುತ್ತಾರೆ. ನಿಯಮ ಹೇಳುತ್ತಿರುವುದು ನಿಮಗೆ ಬೇಕಾದ ಸಿಗ್ನಲ್ ಬಗ್ಗೆ ಅಲ್ಲ, ಇನ್‌ಪುಟ್‌ಗೆ ಬರುವ ಎಲ್ಲದರ ಬಗ್ಗೆ. ಪಕ್ಕದ ಪವರ್ ಸಪ್ಲೈನ ಸ್ವಿಚಿಂಗ್, ರೇಡಿಯೋ ಸ್ಟೇಷನ್, ಯಾವುದೋ ಕ್ಲಾಕ್‌ನ ಹಾರ್ಮೋನಿಕ್ (ಅದರ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟರಲ್ಲಿ ಏಳುವ ಸಿಗ್ನಲ್), ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

100 ಮೆಗಾಸ್ಯಾಂಪಲ್ ವೇಗದಲ್ಲಿ 70 ಮೆಗಾಹರ್ಟ್ಸ್‌ನ ಸಿಗ್ನಲ್ ಒಳಗೆ ಬಂದರೆ ಅದು 30 ಮೆಗಾಹರ್ಟ್ಸ್ ಆಗಿ ಕಾಣುತ್ತದೆ. 130 ಬಂದರೂ 30ರಲ್ಲೇ ಕಾಣುತ್ತದೆ. ನಿಜವಾದ 30 ಬಂದರೂ ಅಷ್ಟೇ. ಸ್ಯಾಂಪಲ್‌ಗಳ ಪಟ್ಟಿಯಲ್ಲಿ ಈ ಮೂರಕ್ಕೂ ಯಾವ ವ್ಯತ್ಯಾಸವೂ ಇರುವುದಿಲ್ಲ. ಇದನ್ನೇ ಏಲಿಯಾಸಿಂಗ್ ಅನ್ನುತ್ತಾರೆ. ಆಮೇಲೆ ಡಿಜಿಟಲ್ ಫಿಲ್ಟರ್ ಹಾಕಿದರಾಯಿತು ಅನ್ನುವ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಆಗುವುದಿಲ್ಲ. ಮಡಚಿ ಬಂದ 70 ನಿಮ್ಮ ಬ್ಯಾಂಡ್‌ನೊಳಗೆ ಕೂತಾಗಿದೆ, ಅದನ್ನು ತೆಗೆಯಹೋದರೆ ನಿಜವಾದ 30 ಕೂಡ ಹೋಗುತ್ತದೆ. ಬೇಡದ್ದನ್ನು ಸ್ಯಾಂಪಲ್ ಆಗುವ ಮೊದಲೇ, ಅನಲಾಗ್ ಆಗಿರುವಾಗಲೇ ತಡೆಯಬೇಕು.

ನಾಯ್ಸ್ ಕೂಡ ಹೀಗೇ ಮಡಚುತ್ತದೆ. ಹಲವು ಎಡಿಸಿಗಳ ಅನಲಾಗ್ ಬ್ಯಾಂಡ್‌ವಿಡ್ತ್ ಅವುಗಳ ಸ್ಯಾಂಪಲಿಂಗ್ ವೇಗಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. 500 ಮೆಗಾಹರ್ಟ್ಸ್ ತನಕ ಒಳಗೆ ಬಿಡುವ ಎಡಿಸಿಯನ್ನು ಫಿಲ್ಟರ್ ಇಲ್ಲದೆ 100 ಮೆಗಾಸ್ಯಾಂಪಲ್‌ನಲ್ಲಿ ಓಡಿಸಿದರೆ, 50 ಮೆಗಾಹರ್ಟ್ಸ್ ಅಗಲದ ಹತ್ತು ಪಟ್ಟಿಗಳ ನಾಯ್ಸ್ ಒಂದರ ಮೇಲೊಂದು ಬಂದು ಮೊದಲ ಪಟ್ಟಿಯಲ್ಲಿ ಸೇರುತ್ತದೆ. ನಾಯ್ಸ್ ಪವರ್ ಹತ್ತು ಪಟ್ಟು, ಅಂದರೆ 10 ಡೆಸಿಬೆಲ್ ನಷ್ಟ. ಒಂದೂವರೆ ಬಿಟ್‌ಗಿಂತ ಹೆಚ್ಚು ಹೀಗೆ ಯಾರ ಕಣ್ಣಿಗೂ ಬೀಳದೆ ಕರಗಿಹೋಗುತ್ತದೆ.

ಫಿಲ್ಟರ್ ಗೋಡೆಯ ಹಾಗೆ ನೇರವಾಗಿ ಕತ್ತರಿಸುವುದಿಲ್ಲ, ಇಳಿಜಾರಾಗಿ ಇಳಿಯುತ್ತದೆ. ಒಂದೊಂದು ಆರ್ಡರ್‌ಗೆ (ಫಿಲ್ಟರ್‌ನ ಒಂದೊಂದು ಹಂತಕ್ಕೆ) ಫ್ರೀಕ್ವೆನ್ಸಿ ಎರಡು ಪಟ್ಟಾದಾಗ 6 ಡೆಸಿಬೆಲ್. 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ಡಿಜಿಟೈಸರ್ 500 ಮೆಗಾಸ್ಯಾಂಪಲ್‌ನಲ್ಲಿ ಓಡುತ್ತಿದ್ದರೆ, 100 ಮೆಗಾಹರ್ಟ್ಸ್ ಮೇಲೆ ಬಂದು ಬೀಳುವುದು 400 ಮೆಗಾಹರ್ಟ್ಸ್. ಐದನೇ ಆರ್ಡರ್ ಫಿಲ್ಟರ್ ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 60 ಡೆಸಿಬೆಲ್ ತಗ್ಗಿಸಿರುತ್ತದೆ. ಅದೇ ಫಿಲ್ಟರ್ ಇಟ್ಟುಕೊಂಡು 250 ಮೆಗಾಸ್ಯಾಂಪಲ್‌ಗೆ ಇಳಿದರೆ 100ರ ಮೇಲೆ ಬೀಳುವುದು 150, ಅಲ್ಲಿ ಫಿಲ್ಟರ್ ಇನ್ನೂ ಇಳಿಯಲು ಶುರು ಮಾಡಿರುತ್ತದೆ ಅಷ್ಟೇ. ಡಿಜಿಟೈಸರ್‌ನಲ್ಲಿ ಸ್ಯಾಂಪಲಿಂಗ್ ವೇಗ ಕಡಿಮೆ ಮಾಡಿದರೆ ಅನಲಾಗ್ ಫಿಲ್ಟರ್ ತಾನಾಗಿ ಬದಲಾಗುತ್ತದೆ ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಬದಲಾಗುವುದಿಲ್ಲ. ಮೆಮೊರಿ ಉಳಿಸಲು ವೇಗ ಇಳಿಸುವವರು ಮೊದಲು ಹೊರಗಿನಿಂದ ಕಡಿಮೆ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವ ಒಂದು ಲೋ ಪಾಸ್ ಫಿಲ್ಟರ್ ಹಾಕಿ, ಇಲ್ಲವೇ ಪೂರ್ತಿ ವೇಗದಲ್ಲಿ ಹಿಡಿದು ಡಿಜಿಟಲ್ ಆಗಿ ಫಿಲ್ಟರ್ ಮಾಡಿ ಆಮೇಲೆ ಹೆಚ್ಚಾದ ಸ್ಯಾಂಪಲ್‌ಗಳನ್ನು ಕೈಬಿಡಿ. ಎರಡನೇ ದಾರಿಯಲ್ಲಿ ಒಂದು ಲಾಭವೂ ಇದೆ, ನಾಯ್ಸ್ ಎಲ್ಲ ಕಡೆ ಸಮನಾಗಿ ಹರಡಿದ್ದರೆ ನಾಲ್ಕು ಪಟ್ಟು ಹೆಚ್ಚಿನ ವೇಗಕ್ಕೆ ಒಂದು ಬಿಟ್‌ನಷ್ಟು ಗಳಿಕೆ.

ತೀರಾ ಚೂಪಾಗಿ ಕತ್ತರಿಸುವ ಫಿಲ್ಟರ್ ಯಾವಾಗಲೂ ಒಳ್ಳೆಯದು ಅಂತಲೂ ಅಲ್ಲ. ಅದು ಪಲ್ಸ್‌ನ ಅಂಚಿನಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಪಲ್ಸ್‌ನ ಆಕಾರ ಮುಖ್ಯವಾದಾಗ ನಿಧಾನವಾಗಿ ಇಳಿಯುವ ಬೆಸೆಲ್ ಮಾದರಿ ಬೇಕು, ಸ್ಪೆಕ್ಟ್ರಂ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನುವ ಚಿತ್ರ) ಮುಖ್ಯವಾದಾಗ ಚೂಪಾದದ್ದು ನಡೆಯುತ್ತದೆ. ಬ್ಯಾಂಡ್‌ವಿಡ್ತ್ ಅಂಕಿಯನ್ನೂ ಸ್ವಲ್ಪ ತಡೆದು ಓದಬೇಕು. 100 ಮೆಗಾಹರ್ಟ್ಸ್ ಅಂದರೆ ಅಲ್ಲಿ ಸಿಗ್ನಲ್ ಶೇಕಡ 70ಕ್ಕೆ ಇಳಿದಿರುತ್ತದೆ ಅಂತ ಅರ್ಥ. ಏರುವ ಸಮಯದ ಲೆಕ್ಕದಲ್ಲಿ 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ 3.5 ನ್ಯಾನೋಸೆಕೆಂಡ್. ಅದಕ್ಕಿಂತ ವೇಗದ ಅಂಚು ಈ ಡಿಜಿಟೈಸರ್‌ನಲ್ಲಿ ಇದ್ದ ಹಾಗೆ ಕಾಣುವುದೇ ಇಲ್ಲ.

ರೇಡಿಯೋ ಕೆಲಸದವರು ಏಲಿಯಾಸಿಂಗ್ ಅನ್ನೇ ಬೇಕಂತ ಬಳಸುತ್ತಾರೆ, 70 ಮೆಗಾಹರ್ಟ್ಸ್ ಸುತ್ತ ಇರುವ ಸಿಗ್ನಲ್ ಅನ್ನು 100 ಮೆಗಾಸ್ಯಾಂಪಲ್‌ನಲ್ಲಿ ಹಿಡಿದು 30ಕ್ಕೆ ಇಳಿಸಿಕೊಳ್ಳುತ್ತಾರೆ. ಆಗ ಬೇಕಾಗುವುದು ಆ ಒಂದು ಪಟ್ಟಿಯನ್ನು ಮಾತ್ರ ಬಿಡುವ ಬ್ಯಾಂಡ್ ಪಾಸ್ ಫಿಲ್ಟರ್. ಸ್ಪೆಕ್ಟ್ರಂ ಎಡಬಲ ತಿರುವಿಕೊಳ್ಳುತ್ತದೆ ಅನ್ನುವುದನ್ನು ನೆನಪಿಟ್ಟರೆ ಸಾಕು.

ಫಿಲ್ಟರ್ ದಾಟಿದ ಸಿಗ್ನಲ್ ಅನ್ನು ಸ್ಯಾಂಪಲ್ ಅಂಡ್ ಹೋಲ್ಡ್ ಒಂದು ಕ್ಷಣಕ್ಕೆ ಹಿಡಿದು ನಿಲ್ಲಿಸುತ್ತದೆ. ಒಂದು ಸ್ವಿಚ್, ಒಂದು ಚಿಕ್ಕ ಕೆಪಾಸಿಟರ್. ಸ್ವಿಚ್ ತೆರೆದ ಕ್ಷಣದ ವೋಲ್ಟೇಜ್ ಕೆಪಾಸಿಟರ್‌ನಲ್ಲಿ ಉಳಿಯುತ್ತದೆ, ಎಡಿಸಿ ಅದನ್ನು ಅಂಕಿಯಾಗಿ ಬದಲಿಸುತ್ತದೆ. ಇಲ್ಲಿ ಎಲ್ಲ ನಿಂತಿರುವುದು ಆ ಕ್ಷಣ ಎಷ್ಟು ಕರಾರುವಾಕ್ಕಾಗಿದೆ ಅನ್ನುವುದರ ಮೇಲೆ. ಆ ಕ್ಷಣವನ್ನು ಸೂಚಿಸುವ ಕ್ಲಾಕ್ ಸ್ವಲ್ಪ ಹಿಂದೆ ಮುಂದೆ ಆದರೆ ಅದು ಜಿಟರ್. 1 ವೋಲ್ಟ್ ಆಂಪ್ಲಿಟ್ಯೂಡ್‌ನ 100 ಮೆಗಾಹರ್ಟ್ಸ್ ಸೈನ್ ಅಲೆ ಸೊನ್ನೆ ದಾಟುವಾಗ ಒಂದು ಪಿಕೋಸೆಕೆಂಡ್‌ನಲ್ಲಿ 0.63 ಮಿಲಿವೋಲ್ಟ್ ಏರುತ್ತದೆ. ಪ್ಲಸ್ ಮೈನಸ್ 1 ವೋಲ್ಟ್ ರೇಂಜ್‌ನಲ್ಲಿ 14 ಬಿಟ್‌ನ ಒಂದು ಹಂತ 0.12 ಮಿಲಿವೋಲ್ಟ್. ಅಂದರೆ ಒಂದೇ ಒಂದು ಪಿಕೋಸೆಕೆಂಡ್ ಅಲುಗಿದರೂ ಐದು ಹಂತ ತಪ್ಪಿತು! ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕೆ ಇಷ್ಟು ಬೆಲೆ ಇದೆ ಅನ್ನುವುದು ನನಗೆ ಈಗಲೂ ರೋಮಾಂಚನ ತರುವ ವಿಷಯ. 1 ಪಿಕೋಸೆಕೆಂಡ್ ಆರ್‌ಎಂಎಸ್ ಜಿಟರ್ ಇದ್ದರೆ 100 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ನಾಯ್ಸ್ ಅನುಪಾತ 64 ಡೆಸಿಬೆಲ್ ದಾಟುವುದಿಲ್ಲ, ಅದು ಹತ್ತು ಬಿಟ್ ಚಿಲ್ಲರೆ. ಎಡಿಸಿ 16 ಬಿಟ್‌ದೇ ಆಗಿದ್ದರೂ ಅಷ್ಟೇ. 1 ಮೆಗಾಹರ್ಟ್ಸ್ ಸಿಗ್ನಲ್‌ಗೆ ಇದೇ ಜಿಟರ್ ಲೆಕ್ಕಕ್ಕೇ ಇಲ್ಲ. ಹೊರಗಿನಿಂದ ಕ್ಲಾಕ್ ಕೊಡುವವರು ಅದರ ಗುಣಮಟ್ಟ ನೋಡಿಯೇ ಕೊಡಬೇಕು.

ಎಡಿಸಿಯ ಒಳಗಿನ ವಿಷಯಕ್ಕೆ ಬಂದರೆ, ಫ್ಲ್ಯಾಶ್ ಮಾದರಿಯಲ್ಲಿ 8 ಬಿಟ್‌ಗೆ 255 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಸರ್ಕ್ಯೂಟ್) ಬೇಕು, 14 ಬಿಟ್‌ಗೆ 16383 ಆಗುತ್ತದೆ, ಹಾಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ವೇಗವೂ ಬಿಟ್‌ಗಳೂ ಎರಡೂ ಬೇಕಾದಾಗ ಬಿಟ್‌ಗಳನ್ನು ಹಂತ ಹಂತವಾಗಿ ತೆಗೆಯುವ ಪೈಪ್‌ಲೈನ್ ಮಾದರಿ ಬಳಸುತ್ತಾರೆ. ಇನ್ನೂ ವೇಗಕ್ಕೆ ಎರಡು ಎಡಿಸಿಗಳನ್ನು ಸರದಿಯಲ್ಲಿ ಓಡಿಸುತ್ತಾರೆ. ಅವೆರಡರ ಗೇನ್ (ಹಿಗ್ಗಿಸುವ ಪ್ರಮಾಣ), ಆಫ್‌ಸೆಟ್ (ಸೊನ್ನೆಯ ಜಾಗ), ಸಮಯ ಕೂದಲೆಳೆಯಷ್ಟು ಬೇರೆಯಾದರೂ ಸ್ಪೆಕ್ಟ್ರಂನಲ್ಲಿ ಸುಳ್ಳು ಗೆರೆಗಳು ಏಳುತ್ತವೆ. 500 ಮೆಗಾಸ್ಯಾಂಪಲ್‌ನಲ್ಲಿ 40 ಮೆಗಾಹರ್ಟ್ಸ್ ಕೊಟ್ಟರೆ 210ರಲ್ಲಿ ಒಂದು ನೆರಳು, ಆಫ್‌ಸೆಟ್ ವ್ಯತ್ಯಾಸದಿಂದ 250ರಲ್ಲಿ ಇನ್ನೊಂದು.

ಕಾಗದದ ಮೇಲಿನ ಬಿಟ್‌ಗಳನ್ನು ನಿಜಕ್ಕೆ ತರುವ ಲೆಕ್ಕ ಸುಲಭ. ಬಿಟ್ ಸಂಖ್ಯೆಯನ್ನು 6.02ರಿಂದ ಗುಣಿಸಿ 1.76 ಕೂಡಿಸಿದರೆ ಆದರ್ಶ ಎಡಿಸಿಯ ಸಿಗ್ನಲ್ ನಾಯ್ಸ್ ಅನುಪಾತ ಸಿಗುತ್ತದೆ, 14 ಬಿಟ್‌ಗೆ 86 ಡೆಸಿಬೆಲ್. ಡಿಸ್ಟಾರ್ಷನ್ (ಸಿಗ್ನಲ್‌ನ ಆಕಾರ ಕೆಡುವುದು) ಕೂಡ ಸೇರಿಸಿ ಅಳೆದಾಗ 68 ಡೆಸಿಬೆಲ್ ಬಂದರೆ ತಿರುಗಿಸಿ ಲೆಕ್ಕ ಹಾಕಿ, 11 ಬಿಟ್. ಮೂರು ಬಿಟ್ ದಾರಿಯಲ್ಲೇ ಕಳೆದುಹೋದವು. ಡೇಟಾಶೀಟ್‌ನಲ್ಲಿ ನಾನು ಮೊದಲು ಹುಡುಕುವುದು ಈ ಪರಿಣಾಮಕಾರಿ ಬಿಟ್‌ಗಳ ಅಂಕಿಯನ್ನು, ಅದೂ ನನ್ನ ಕೆಲಸದ ಫ್ರೀಕ್ವೆನ್ಸಿಯಲ್ಲಿ.

ಟ್ರಿಗರ್, ಅಂದರೆ ಈಗ ದಾಖಲೆ ಹಿಡಿ ಅನ್ನುವ ಸೂಚನೆ, ಅದರ ಬಗ್ಗೆ ಎರಡು ಮಾತು. ಡಿಜಿಟೈಸರ್ ಸದಾ ಸ್ಯಾಂಪಲ್ ಮಾಡುತ್ತಾ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿರುತ್ತದೆ, ಟ್ರಿಗರ್ ಬಂದಾಗ ನಿಲ್ಲಿಸುತ್ತದೆ, ಅದಕ್ಕೇ ಟ್ರಿಗರ್‌ಗಿಂತ ಮುಂಚಿನದೂ ಸಿಗುತ್ತದೆ. ಆದರೆ ಟ್ರಿಗರ್ ಸ್ಯಾಂಪಲ್ ಕ್ಲಾಕ್ ನೋಡಿಕೊಂಡು ಬರುವುದಿಲ್ಲ. 500 ಮೆಗಾಸ್ಯಾಂಪಲ್‌ನಲ್ಲಿ 2 ನ್ಯಾನೋಸೆಕೆಂಡ್ ತನಕ ಅದರ ಜಾಗ ಅಲುಗಾಡಬಹುದು. ಸಾವಿರ ಪಲ್ಸ್ ಸರಾಸರಿ ಮಾಡಿದರೆ ನಾಯ್ಸ್ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಅನ್ನುವುದು ನಿಜ, ಜೊತೆಗೆ ಈ ಅಲುಗಾಟದಿಂದ ಅಂಚು ಮಸುಕಾಗುವುದೂ ನಿಜ. ಸಾಧ್ಯವಿದ್ದರೆ ಸಿಗ್ನಲ್ ಮೂಲವನ್ನೂ ಡಿಜಿಟೈಸರ್ ಅನ್ನೂ ಒಂದೇ 10 ಮೆಗಾಹರ್ಟ್ಸ್ ರೆಫರೆನ್ಸ್ ಕ್ಲಾಕ್‌ಗೆ ಕಟ್ಟಿಹಾಕಿ.

ಹೊಸ ಡಿಜಿಟೈಸರ್ ಕೈಗೆ ಬಂದಾಗ ಸಿಗ್ನಲ್ ಕೊಡುವ ಮೊದಲು ಇನ್‌ಪುಟ್‌ಗೆ ಒಂದು 50 ಓಮ್ ಟರ್ಮಿನೇಟರ್ ಸಿಕ್ಕಿಸಿ, ಪ್ರತಿ ರೇಂಜ್‌ನಲ್ಲೂ ಒಂದೊಂದು ದಾಖಲೆ ತೆಗೆದು ಆರ್‌ಎಂಎಸ್ ಬರೆದಿಡಿ. ಅದೇ ದಾಖಲೆಯ ಸ್ಪೆಕ್ಟ್ರಂ ನೋಡಿ, ಸಿಗ್ನಲ್ ಇಲ್ಲದಿದ್ದರೂ ಎದ್ದು ನಿಂತ ಗೆರೆಗಳು ಪೆಟ್ಟಿಗೆಯ ಒಳಗಿನವು ಅಥವಾ ಕಂಪ್ಯೂಟರ್‌ನಿಂದ ಬಂದವು. ಆಮೇಲೆ ಚೆನ್ನಾಗಿ ಫಿಲ್ಟರ್ ಮಾಡಿದ ಸೈನ್ ಅಲೆ ಕೊಡಿ. ಫಿಲ್ಟರ್ ಯಾಕೆ ಅಂದರೆ ಸಿಗ್ನಲ್ ಜನರೇಟರ್‌ನ ಹಾರ್ಮೋನಿಕ್‌ಗಳು ಎಷ್ಟೋ ಸಲ ಡಿಜಿಟೈಸರ್‌ನದಕ್ಕಿಂತ ದೊಡ್ಡವಾಗಿರುತ್ತವೆ. ಯಾವುದಾದರೂ ಗೆರೆಯ ಮೇಲೆ ಅನುಮಾನ ಬಂದರೆ ಸ್ಯಾಂಪಲಿಂಗ್ ವೇಗ ಬದಲಿಸಿ ನೋಡಿ. ನಿಜವಾದ 30 ಮೆಗಾಹರ್ಟ್ಸ್ ಗೆರೆ 100 ಮೆಗಾಸ್ಯಾಂಪಲ್‌ನಲ್ಲೂ 90ರಲ್ಲೂ ಅಲ್ಲೇ ಇರುತ್ತದೆ. ಅದು 70ರಿಂದ ಮಡಚಿ ಬಂದದ್ದಾದರೆ 90ರಲ್ಲಿ 20ಕ್ಕೆ ಜಿಗಿಯುತ್ತದೆ. ವೇಗ ಬದಲಿಸಲು ಆಗದಿದ್ದರೆ ಸಿಗ್ನಲ್ ಫ್ರೀಕ್ವೆನ್ಸಿಯನ್ನು ಒಂದು ಮೆಗಾಹರ್ಟ್ಸ್ ಮೇಲೆತ್ತಿ, 70 ಇದ್ದದ್ದು 71 ಆದಾಗ ಅದರ ಗೆರೆ 29ಕ್ಕೆ ಹಿಂದೆ ಸರಿಯುತ್ತದೆ.